ಕಿಟಕಿ ಪಕ್ಕದ ಮೊಳೆ

"ಮಗು ನಿನ್ನ ಮಡಿಲಲ್ಲಿರುತ್ತೆ, ಮಾತು ಕೊಡ್ತೀನಿ" ಎಂದು ಅಡುಗೆಯವಳು ಹೇಳಿದ್ದಳು. ಹೇಳಿ ಬಹಳ ವರ್ಷಗಳಾಗಿದ್ದವು. ಯಾವಾಗ ಎಂದು ಹೇಳಿರಲಿಲ್ಲ. ಅದನ್ನು ಹೇಳುವ ಪದ್ಧತಿ ಇರಲಿಲ್ಲ. ಬದನೆಕಾಯಿಯ ತಟ್ಟೆಯನ್ನು ಮೇಜಿನ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿ, ಕುರ್ಚಿಯಲ್ಲಿ ಕಷ್ಟಪಟ್ಟು ಕೂತ ಬಸುರಿಯ ಭುಜ ಮುಟ್ಟಿ ಅಷ್ಟು ಹೇಳುವುದು ಹೋಟೆಲಿನಲ್ಲಿ ಅವಳ ಕೆಲಸಗಳಲ್ಲಿ ಒಂದಾಗಿತ್ತು, ಈರುಳ್ಳಿ ಹೆಚ್ಚುವ ಹಾಗೆ, ಒಲೆ ಉಜ್ಜುವ ಹಾಗೆ. ದಿನ ತುಂಬಿ ಮೀರಿದವರು ಬರುತ್ತಿದ್ದರು. ಖಾರ ಹಾಕಿ ಬೇಯಿಸಿದ ಇಲ್ಲಿಯ ಬದನೆಕಾಯಿ ತಿಂದರೆ ಹೆರಿಗೆ ನೋವು ಬರುತ್ತದೆ ಎಂದು ಯಾರೋ ಯಾರಿಗೋ ಹೇಳಿ, ಆ ಮಾತು ಬೀದಿ ದಾಟಿ ಊರೆಲ್ಲ ಸುತ್ತಿತ್ತು. ಅವಳು ಮಾತು ಮುಗಿಸುತ್ತಿದ್ದ ಹಾಗೆ ಹೋಟೆಲಿನ ಯಜಮಾನರು ಗಲ್ಲಾದಿಂದ ಎದ್ದು ಬಂದು ಗೋಡೆಗೆ ಒಂದು ಮೊಳೆ ಹೊಡೆಯುತ್ತಿದ್ದರು. ಹುಟ್ಟಲಿರುವ ಮಗುವಿನ ಫೋಟೋಕ್ಕೆ ಮುಂಚಿತವಾಗಿ ಕಾದಿರಿಸಿದ ಜಾಗ. ಊಟಕ್ಕೆ ಕೂತವರು ಚಪ್ಪಾಳೆ ತಟ್ಟುತ್ತಿದ್ದರು. ಕೆಲವು ದಿನ ಬಿಟ್ಟು ಗಂಡನೋ ಅಜ್ಜಿಯೋ ಫೋಟೋ ತಂದುಕೊಟ್ಟರೆ ಯಜಮಾನರು ಕಟ್ಟು ಹಾಕಿಸಿ ತೂಗುಹಾಕುತ್ತಿದ್ದರು. ಗೋಡೆ ತುಂಬ ಮಕ್ಕಳು. ಕಿಟಕಿ ಪಕ್ಕದ ಒಂದು ಮೊಳೆ ಮಾತ್ರ ಬೋಳಾಗಿ ಉಳಿದಿತ್ತು.

ಆ ಗುರುವಾರ ಬೆಳಿಗ್ಗೆ ಬದನೆಕಾಯಿ ಹೆಚ್ಚುತ್ತ ನಿಂತವಳ ಮನಸ್ಸೆಲ್ಲ ಮನೆಯಲ್ಲಿತ್ತು. ಮಗಳಿಗೆ ಡಾಕ್ಟರು ಕೊಟ್ಟ ದಿನ ಕಳೆದುಹೋಗಿತ್ತು. ಸೋಮವಾರದವರೆಗೆ ನೋಡೋಣ, ಆಮೇಲೆ ಬಂದು ಅಡ್ಮಿಟ್ ಆಗಿಬಿಡಿ ಎಂದಿದ್ದರು ಡಾಕ್ಟರು, ಏನೂ ಆಗಿಲ್ಲವೆಂಬ ಹಾಗೆ, ಪೆನ್ನಿನ ಮುಚ್ಚಳ ಹಾಕುತ್ತ. ಆದರೆ ಮನೆಯಲ್ಲಿ ಇದ್ದ ಎರಡು ಕೋಣೆಗಳ ನಡುವೆ ಎಲ್ಲರೂ ಮೆಲ್ಲಗೆ ನಡೆಯತೊಡಗಿದ್ದರು, ಒಳಗಿರುವುದಕ್ಕೆ ಎಚ್ಚರವಾದೀತು ಎಂಬಂತೆ. ಎಚ್ಚರವಾಗಲಿ ಎಂದೇ ಅಲ್ಲವೇ ಎಲ್ಲರೂ ಕಾಯುತ್ತಿರುವುದು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಳಿಯ ದಿನಕ್ಕೊಂದು ಚೀಲ ಹೊತ್ತು ಬರುತ್ತಿದ್ದ. ಡಿಪೋದ ಒಬ್ಬೊಬ್ಬರ ಹೆಂಡತಿಯೂ ಒಂದೊಂದು ತಿಂದು ಹೆತ್ತವಳೇ. ಒಬ್ಬಳು ಅನಾನಸು, ಒಬ್ಬಳು ಖರ್ಜೂರ, ಇನ್ನೊಬ್ಬಳು ಎಳ್ಳು. ಪಕ್ಕದ ಮನೆಯಾಕೆ ಹರಳೆಣ್ಣೆಯ ಸೀಸೆ ಹಿಡಿದು ಬಂದಿದ್ದಳು. ಅದನ್ನು ಕುಡಿದರೆ ಓಡಾಡುವುದು ಕಕ್ಕಸಿಗೆ ಮಾತ್ರ, ಬೇಡವೇ ಬೇಡ ಎಂದು ಡಾಕ್ಟರು ಬೈದದ್ದರಿಂದ ಸೀಸೆ ಕಿಟಕಿಯ ಮೇಲೆ ಹಾಗೇ ಕೂತಿತ್ತು. ಮಗಳು ಅನಾನಸನ್ನು ಎರಡು ಹೋಳು ತಿಂದು ತಟ್ಟೆ ತಳ್ಳುತ್ತಿದ್ದಳು. ಉಳಿದದ್ದನ್ನು ದಂಡವಾಗಬಾರದೆಂದು ಅಳಿಯ ತಿಂದು ತಿಂದು, ನಾಲಗೆ ಸುಲಿದುಕೊಂಡು, ತೊದಲುತ್ತ ಕೆಲಸಕ್ಕೆ ಹೋಗುತ್ತಿದ್ದ. "ಮೊದಲು ಇವರಿಗೇ ಹೆರಿಗೆ ಆಗುತ್ತೆ ನೋಡು" ಎಂದು ಮಗಳು ನಕ್ಕಿದ್ದಳು. ನಗುತ್ತಿದ್ದಂತೆ ಹೊಟ್ಟೆಯೊಳಗೆ ಏನೋ ಮಗ್ಗುಲಾಗಿ, ಚರ್ಮದ ಮೇಲೆ ಒಂದು ಉಬ್ಬು ಎಡದಿಂದ ಬಲಕ್ಕೆ ಸರಿದು ಹೋಗಿತ್ತು. ಎಲ್ಲರೂ ಬಗ್ಗಿ ನೋಡಿದ್ದರು. ಒಳಗಿನದು ಎಲ್ಲ ಕೇಳಿಸಿಕೊಳ್ಳುತ್ತಿದೆ ಎಂದು ತಾಯಿಗೆ ಅನ್ನಿಸಿತ್ತು. ಕೇಳಿಸಿಕೊಂಡೂ ಬರುತ್ತಿಲ್ಲ.

ಹೆಚ್ಚಿದ ಹೋಳುಗಳಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿಗೆ ಕಂದು ನೀರು ಬಿಡುತ್ತದೆ. ಅದನ್ನು ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಕಹಿ. ವರ್ಷಗಟ್ಟಲೆ ಹಿಂಡಿ ಅವಳ ಹೆಬ್ಬೆರಳುಗಳು ಕಪ್ಪಾಗಿದ್ದವು, ಸೋಪಿಗೂ ಹುಳಿಗೂ ಜಗ್ಗದ ಕಪ್ಪು. ಆ ಬೆರಳಿನಿಂದಲೇ ಬೆಳಿಗ್ಗೆ ಮಗಳ ತಲೆ ಬಾಚಿ ಬಂದಿದ್ದಳು. ಬಾಚುವಾಗ ಮಗಳು ಕನ್ನಡಿಯಲ್ಲಿ ಅವಳನ್ನೇ ನೋಡುತ್ತ, "ಊರಿಗೆಲ್ಲ ಬಡಿಸ್ತೀಯ. ಹೆತ್ತ ಮಗಳಿಗೆ ಒಂದು ತಟ್ಟೆ ತರೋಕೆ ಕೈ ಬರಲ್ಲ, ಅಲ್ವಾ?" ಎಂದಿದ್ದಳು.

"ಅದರಲ್ಲಿ ಏನೂ ಇಲ್ಲ. ಬದನೆಕಾಯಿ, ಬೆಳ್ಳುಳ್ಳಿ, ಮೆಣಸು. ಮಾಡೋಳಿಗೆ ಗೊತ್ತಿರಲ್ವಾ?"

"ಏನೂ ಇಲ್ಲ ಅಂದ್ಮೇಲೆ ತಿಂದ್ರೆ ಏನಾಗುತ್ತೆ? ತಾ."

"ಎದೆ ಉರಿಯುತ್ತೆ."

"ಈಗೇನು ತಣ್ಣಗಿದೆಯಾ?"

ಅವಳು ಬಾಚಣಿಗೆಯನ್ನು ಜೋರಾಗಿ ಎಳೆದಿದ್ದಳು, ಮಗಳು ಅಯ್ಯೋ ಎಂದಿದ್ದಳು. ಬದನೆಕಾಯಿಗೆ ಅವಳು ಹೆದರಿರಲಿಲ್ಲ. ದಿನ ಮೀರಿದವಳು ಏನು ತಿಂದರೂ, ತಿನ್ನದಿದ್ದರೂ, ಇವತ್ತಲ್ಲ ನಾಳೆ ಹೆರಲೇಬೇಕು. ಗೋಡೆಯ ಮೇಲಿನ ಮಕ್ಕಳೆಲ್ಲ ಹಾಗೆ ಬಂದವರೇ. ತಟ್ಟೆಯನ್ನು ಡಬ್ಬಿಯಲ್ಲಿ ಹಾಕಿ ಮನೆಗೆ ತಂದು, ಒಂದೂ ಮಾತಾಡದೆ ಮುಂದಿಡಬಹುದಿತ್ತು. ಆದರೆ ತಟ್ಟೆ ಇಟ್ಟ ಕೂಡಲೇ ನಾಲಗೆ ತಾನಾಗಿ ಹೊರಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ನಿದ್ದೆಯಲ್ಲಿ ಕೂಡ ಹೇಳುತ್ತಾಳಂತೆ, ಮಗಳೇ ಚಿಕ್ಕಂದಿನಲ್ಲಿ ಅಣಕಿಸುತ್ತಿದ್ದಳು. ಹೋಟೆಲಿನಲ್ಲಿ ಒಂದು ಸಲ ಹಲ್ಲು ಕಚ್ಚಿ, ಬೇಕೆಂದೇ ಹೇಳದೆ ತಟ್ಟೆ ಇಟ್ಟು ಒಳಗೆ ಬಂದುಬಿಟ್ಟಿದ್ದಳು. ಆ ಬಸುರಿಯ ಗಂಡ ಗಲ್ಲಾಕ್ಕೆ ಹೋಗಿ "ನಮಗೆ ಯಾಕ್ರೀ ಹೇಳಲಿಲ್ಲ ಅವರು, ನಾವೇನು ಬಿಟ್ಟಿ ತಿನ್ನೋಕೆ ಬಂದಿದೀವಾ?" ಎಂದು ಗಲಾಟೆ ಮಾಡಿದ್ದ. ಯಜಮಾನರು ಅವಳನ್ನು ಎಲ್ಲರ ಎದುರಿಗೆ ಕರೆಸಿ, ಕೊಳೆಯಾದ ಏಪ್ರನ್ನು ಬಿಚ್ಚಿಸಿ, ಒಗೆದದ್ದು ಹಾಕಿಸಿ, ಶಾಲೆಯ ಹುಡುಗಿಗೆ ಪದ್ಯ ಹೇಳಿಸಿದ ಹಾಗೆ ಹೇಳಿಸಿದ್ದರು. "ಇನ್ನೊಂಚೂರು ಗಟ್ಟಿಯಾಗಿ ಹೇಳಿ, ಹಿಂದಿನ ಟೇಬಲ್ಲಿನವರಿಗೆ ಕೇಳಿಸ್ತಿಲ್ಲ." ಆಗಲೂ ಚಪ್ಪಾಳೆ ಬಿದ್ದಿತ್ತು. ಆಗಲೂ ಅವಳ ಕಣ್ಣು ಹೋಗಿದ್ದು ಕಿಟಕಿಯ ಕಡೆಗೇ.

ಆ ಬೋಳು ಮೊಳೆ ಯಾರಿಗಾಗಿ ಹೊಡೆದದ್ದೋ ಆ ಬಸುರಿ ಮೊದಲ ಸಲ ಬಂದು ಕಿಟಕಿಯ ಬಳಿ ಕೂತಾಗ ಒಬ್ಬಳೇ ಬಂದಿದ್ದಳು. ಬಿಳಿ ಹೂವಿನ ನೀಲಿ ಅಂಗಿ, ಸೊಂಟದ ಹತ್ತಿರ ಹೊಲಿಗೆ ಬಿಚ್ಚಿ ಬೇರೆ ಬಟ್ಟೆ ಸೇರಿಸಿದ್ದು. ಮೆಣಸಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ತಟ್ಟೆ ಖಾಲಿ ಮಾಡಿದ್ದಳು. "ನಿಜವಾಗ್ಲೂ?" ಎಂದು ಕೇಳಿದ್ದಳು. ಬೇರೆ ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರಿಗೂ ಅದು ಆಟವೆಂದು ಗೊತ್ತಿತ್ತು. ಅಡುಗೆಯವಳು ಒಳಗೆ ಒಲೆಯ ಮೇಲಿಟ್ಟದ್ದು ಹೊತ್ತೀತೆಂಬ ಅವಸರದಲ್ಲಿ "ನಿಜವಾಗ್ಲೂ" ಎಂದು ಭುಜವನ್ನು ಇನ್ನೊಮ್ಮೆ ತಟ್ಟಿ ಬಂದಿದ್ದಳು. ಹಿಂದೆ ಸುತ್ತಿಗೆಯ ಸದ್ದು ಕೇಳಿಸಿತ್ತು. ಫೋಟೋ ಬಾರದೆ ಹೋದಾಗ ಯಜಮಾನರು ವಿಚಾರಿಸಿಕೊಂಡು ಬಾ ಎಂದು ಸರ್ವರನ್ನು ಕಳಿಸಿದ್ದರು. ಸದಾ ವಟಗುಟ್ಟುವವನಾದ್ದರಿಂದ ಅವನಿಗೆ ಎಲ್ಲರೂ ರೇಡಿಯೋ ಎನ್ನುತ್ತಿದ್ದರು. ಅವತ್ತು ರೇಡಿಯೋ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು ಎಷ್ಟೋ ಹೊತ್ತು ಮಾತಾಡಲಿಲ್ಲ. "ಮಗು ಉಳಿಯಲಿಲ್ಲವಂತೆ. ಊಟಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ ಅಂತ ಡಾಕ್ಟರೇ ಹೇಳಿದ್ರಂತೆ. ಅವರ ಮನೆಯವರೂ ಯಾರೂ ಏನೂ ಅನ್ನಲಿಲ್ಲ. ನನಗೆ ನೀರು ಕೊಟ್ರು" ಎಂದ. ಮನೆಗೆ ಹೋದವಳೇ ಅವಳು ಪಾಠ ಬರೆಯುತ್ತಿದ್ದ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಿದ್ದಳು. ಕಾಲು ನೆಲಕ್ಕೆ ತಾಗುವಷ್ಟು ಬೆಳೆದಿದ್ದ ಮಗಳು, "ಬಿಡಮ್ಮಾ, ಸೆಕೆ" ಎಂದು ಕೊಸರಿಕೊಂಡಿದ್ದಳು. ಬಿಟ್ಟಿರಲಿಲ್ಲ. ಇನ್ನೊಬ್ಬಳ ಮಡಿಲು ಬರಿದಾಯಿತೆಂದು ತನ್ನದನ್ನು ಹೀಗೆ ಅವುಚಿಕೊಂಡೆನಲ್ಲ ಎಂದು ಆಮೇಲೆ ನೆನೆದು ನಾಚಿಕೆಯಾಗಿತ್ತು.

ಕೆಲವು ತಿಂಗಳ ಮೇಲೆ ಒಂದು ಗುರುವಾರ ಆ ಹೆಂಗಸು ಮತ್ತೆ ಬಂದು ಅದೇ ಕುರ್ಚಿಯಲ್ಲಿ ಕೂತು ಬದನೆಕಾಯಿ ತರಹೇಳಿದಳು. ಮುಂದಿನ ಗುರುವಾರವೂ ಬಂದಳು. ಅತ್ತವಳಲ್ಲ, ಯಾರನ್ನೂ ದೂರಿದವಳಲ್ಲ. ತಿಂದು, ಬಾಯಿ ಒರೆಸಿಕೊಂಡು, ಕೊಡಬೇಕಾದ್ದು ಕೊಟ್ಟು ಹೋಗುತ್ತಿದ್ದಳು. ಮಗುವನ್ನು ಕಳಕೊಂಡವರು ಏನೇನೋ ಮಾಡುತ್ತಾರೆ, ಬಿಡಿ, ಊಟ ತಾನೇ ಮಾಡೋದು ಎಂದಿದ್ದರು ಯಜಮಾನರು. ಅಡುಗೆಮನೆಯಲ್ಲಿ ಅವಳಿಗೆ ಗುರುವಾರದವಳು ಎಂದೇ ಹೆಸರಾಯಿತು. ಇಷ್ಟು ವರ್ಷದಲ್ಲಿ ಅವಳ ತಲೆ ನೆರೆತಿತ್ತು, ಆದರೆ ಒಂದು ಬದಲಾಗಿರಲಿಲ್ಲ: ಕುರ್ಚಿಯನ್ನು ಮೇಜಿನಿಂದ ಅಂದಿನಷ್ಟೇ ಹಿಂದೆ ಸರಿಸಿಕೊಂಡೇ ಕೂರುತ್ತಿದ್ದಳು. ನಡುವೆ ತುಂಬಿದ ಹೊಟ್ಟೆಯೊಂದು ಹಿಡಿಸುವಷ್ಟು ಜಾಗ. ತಿನ್ನಲು ಕೈಯನ್ನು ಪೂರಾ ಚಾಚಬೇಕಾಗುತ್ತಿತ್ತು, ಚಾಚುತ್ತಿದ್ದಳು. ಗಿರಾಕಿ ಹೆಚ್ಚಾದ ಒಂದು ದಿನ ರೇಡಿಯೋ "ಸ್ವಲ್ಪ ಮುಂದೆ ಸರ್ಕೊಳ್ಳಿ ಅಮ್ಮಾ, ಓಡಾಡೋಕಾಗಲ್ಲ" ಎಂದು ಕುರ್ಚಿಯ ಬೆನ್ನು ಹಿಡಿದು ತಳ್ಳಲು ಹೋಗಿ, ಏನೋ ತಡೆದ ಹಾಗಾಯಿತು ಎನ್ನುತ್ತ ಕೈ ಒದರಿಕೊಂಡು ಒಳಗೆ ಬಂದಿದ್ದ. ಏನು ತಡೆಯಿತೋ ಎಂದು ಕೇಳಿದರೆ, "ಮೇಜಿನ ಕಾಲಿರಬೇಕು" ಎಂದ. ಮೇಜಿನ ಕಾಲು ಅಲ್ಲಿರಲಿಲ್ಲ.

ಈ ಗುರುವಾರ ಮಧ್ಯಾಹ್ನದ ಗದ್ದಲದ ನಡುವೆ ರೇಡಿಯೋ ಕಿಂಡಿಯಲ್ಲಿ ತಲೆ ತೂರಿಸಿ, "ಕಿಟಕಿ ಟೇಬಲ್ಲಿಗೆ ಎರಡು ಬದನೆಕಾಯಿ" ಎಂದ.

"ಎರಡಾ?"

"ಗುರುವಾರದವಳಿಗೆ ಒಂದು. ಇನ್ನೊಂದು ಯಾರಿಗೆ ಅಂತ ನೀವೇ ಬಗ್ಗಿ ನೋಡಿ. ನಾನು ಹೇಳಿದ್ರೆ ಸೌಟಲ್ಲಿ ಹೊಡೀತೀರ."

ಅವಳು ಬಗ್ಗಿ ನೋಡಿದಳು. ಗುರುವಾರದವಳ ಎದುರಿಗೆ ಮಗಳು ಕೂತಿದ್ದಳು. ಬಸ್ಸಿನಲ್ಲಿ ಬಂದಿರಬೇಕು, ಮುಖ ಕೆಂಪಾಗಿ ಬೆವರಿತ್ತು, ಊದಿದ ಪಾದಗಳನ್ನು ಚಪ್ಪಲಿಯಿಂದ ಹೊರಗೆ ತೆಗೆದು ತಣ್ಣನೆಯ ನೆಲಕ್ಕಿಟ್ಟಿದ್ದಳು. ಸಣ್ಣವಳಿದ್ದಾಗಲೂ ಮಗಳು ಹಿಂಬಾಗಿಲಿನಿಂದ ಬಂದು ಹಿಟ್ಟಿನ ಮೂಟೆಯ ಮೇಲೆ ಕೂತು ಉಂಡು ಹೋದವಳೇ ಹೊರತು ಹೊರಗಿನ ಹಾಲಿಗೆ ಕಾಲಿಟ್ಟವಳಲ್ಲ; ಗುರುವಾರದವಳ ವಿಷಯವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬೇರೆ ಕಡೆ ಜಾಗವಿಲ್ಲದ್ದರಿಂದ ಅಲ್ಲಿ ಕೂತಿದ್ದಳು, ಅಷ್ಟೇ. ಇಬ್ಬರೂ ಮೇಜಿನಿಂದ ಒಂದೇ ಅಳತೆಯ ದೂರದಲ್ಲಿ. ಈ ಕಡೆಯ ಜಾಗ ತುಂಬಿತ್ತು, ಆ ಕಡೆಯದು ಬರಿದು. ಕಿಂಡಿಯಿಂದ ನೋಡಿದರೆ ನಡುವಿನ ಮೇಜು ಕನ್ನಡಿಯಂತೆ, ಒಬ್ಬಳ ಬಿಂಬವನ್ನು ಇನ್ನೊಬ್ಬಳಲ್ಲಿ ತಪ್ಪಾಗಿ ತೋರಿಸುತ್ತಿತ್ತು. ಮಗಳ ಮಾತು ಯಾವಾಗಲೂ ಗಟ್ಟಿ, ಎಲ್ಲ ಕೇಳಿಸುತ್ತಿತ್ತು.

"ಮೇಲಿಂದ ಮೇಲೆ ಬರ್ತೀರಾ ಇಲ್ಲಿಗೆ? ಹಾಗಾದ್ರೆ ನಮ್ಮಮ್ಮನ ಕೈ ರುಚಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಮನೇಲಿ ಬರೀ ಗಂಜಿ ಹಾಕ್ತಾರೆ ನಮಗೆ."

ಗುರುವಾರದವಳು ನಕ್ಕಳು. ಅವಳು ನಗುವುದನ್ನು ಈ ಹೋಟೆಲಿನಲ್ಲಿ ಯಾರೂ ನೋಡಿರಲಿಲ್ಲ.

"ನಿಮಗೆಷ್ಟು ಮಕ್ಕಳು?" ಮಗಳು ಕೇಳಿದಳು.

"ಒಂದು. ಇನ್ನೂ ಕೊಟ್ಟಿಲ್ಲ."

"ಯಾರು, ಆಸ್ಪತ್ರೆಯವರಾ?"

ಗುರುವಾರದವಳು ತಲೆ ಎತ್ತಿ ಕಿಂಡಿಯತ್ತ ನೋಡಿದಳು. ದೂರುವ ನೋಟವಲ್ಲ ಅದು. ಅಂಗಡಿಯಲ್ಲಿ ಸಾಮಾನು ಕಟ್ಟಿಸಲು ಹೇಳಿ, ಕಟ್ಟುವವನು ತನ್ನನ್ನು ಮರೆತಿಲ್ಲ ತಾನೇ ಎಂದು ಒಮ್ಮೆ ನೋಡುತ್ತಾರಲ್ಲ, ಹಾಗೆ.

ಬಾಣಲೆಯಲ್ಲಿ ಬೆಳ್ಳುಳ್ಳಿ ಸೀದ ವಾಸನೆ ಬಂದಾಗ ಅವಳಿಗೆ ಎಚ್ಚರವಾಯಿತು. ಹಿಂಬಾಗಿಲಿನಿಂದ ಹೊರಟುಹೋಗಬಹುದು, ತಲೆ ಸುತ್ತುತ್ತಿದೆ ಎನ್ನಬಹುದು ಎಂದು ಯೋಚಿಸುತ್ತಲೇ ಕೈ ಎರಡು ತಟ್ಟೆಗೆ ಬಡಿಸಿತ್ತು. ಒಂದರಲ್ಲಿ ಮೆಣಸು ಕಡಿಮೆ ಇರಲೆಂದು ಚಮಚದಲ್ಲಿ ರಸವನ್ನು ತೆಗೆದಳು. ತೆಗೆದದ್ದು ಯಾವ ತಟ್ಟೆಯಿಂದ ಎಂದು ಮರುಕ್ಷಣವೇ ಮರೆತಳು. ಹೊರಗೆ ಯಜಮಾನರಿಗೆ ಸುದ್ದಿ ಮುಟ್ಟಿಯಾಗಿತ್ತು. "ನಮ್ಮ ಅಡುಗೆಯಮ್ಮನ ಮಗಳು! ಇಷ್ಟು ವರ್ಷಕ್ಕೆ ಇವತ್ತು! ಏ ರೇಡಿಯೋ, ಸುತ್ತಿಗೆ ತಗೊಂಡ್ಬಾರೋ" ಎಂದು ಅವರು ಕೂಗುತ್ತಿದ್ದರು. ಉಣ್ಣುತ್ತಿದ್ದವರು ತಿರುಗಿ ಕೂತರು. ಅವಳು ತಟ್ಟೆಗಳನ್ನು ಹಿಡಿದು ಗೋಡೆಯ ಉದ್ದಕ್ಕೂ ನಡೆದಳು. ಅಡುಗೆಮನೆಯ ಜಿಡ್ಡು ಹತ್ತಿ ಹಳದಿಯಾದ ಮಕ್ಕಳು, ಮೂತಿ ಚೂಪು ಮಾಡಿದವು, ಮುಷ್ಟಿ ಬಿಗಿದವು, ನಿದ್ದೆಹೋದವು, ಎಲ್ಲವೂ ತಾವು ಬಂದದ್ದು ಇವಳ ಮಾತಿನಿಂದಲೇ ಎಂದು ನಂಬಿಕೊಂಡಂತೆ. ಕೆಲವರು ದೊಡ್ಡವರಾಗಿ ಬಂದು ತಮ್ಮ ಫೋಟೋ ಹುಡುಕಿ, "ಆಂಟಿ, ಇದು ನಾನು" ಎಂದು ತೋರಿಸುತ್ತಿದ್ದುದುಂಟು. ಬೋಳು ಮೊಳೆಗೆ ರೇಡಿಯೋ ಮೇಜು ಒರೆಸುವ ಬಟ್ಟೆ ನೇತುಹಾಕಿದ್ದ. ಎಷ್ಟು ಸಲ ಹೇಳಿದರೂ ಅವನು ಅಷ್ಟೇ. ತಟ್ಟೆಗಳನ್ನಿಟ್ಟು ಅವಳು ಮೊದಲು ಆ ಬಟ್ಟೆಯನ್ನು ತೆಗೆದಳು.

"ಅಮ್ಮಾ, ಬೈಬೇಡ. ಗಂಜಿ ತಿಂದು ಸಾಕಾಯ್ತು" ಎಂದಳು ಮಗಳು.

"ಊಟ ಮಾಡು" ಎಂದಳು ಅವಳು. ಕೈ ಮಗಳ ಭುಜದ ಮೇಲಿತ್ತು.

"ಹೇಳಿ, ಹೇಳಿ" ಎಂದರು ಯಜಮಾನರು, ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು, ಸುತ್ತಿಗೆ ಎತ್ತಿ. ಎಲ್ಲರೂ ಕಾದರು. ಯಾರದೋ ಚಮಚ ತಟ್ಟೆಗೆ ತಾಗಿ ನಿಂತಿತು. ಅವಳು ಬಾಯಿ ತೆರೆದಳು, ಬರೀ ಉಸಿರು ಬಂತು. ಇಷ್ಟು ವರ್ಷ ತಾನಾಗಿ ಹೊರಳಿದ ನಾಲಗೆ ಕಲ್ಲಿನಂತೆ ಬಿದ್ದಿತ್ತು, ಒಬ್ಬಳಿಗೆ ಬಾಕಿ ಇರುವಾಗ ಇನ್ನೊಬ್ಬಳಿಗೆ ಅದನ್ನೇ ಹೇಗೆ ಹೇಳಲಿ ಎಂಬಂತೆ, ಹೇಳದಿದ್ದರೆ ಈ ಮಗು ಹೇಗೆ ಬರುತ್ತದೆ ಎಂಬಂತೆ ಕೂಡ. ಆಗ ಮೇಜಿನ ಆ ಕಡೆಯಿಂದ ಮಾತು ಕೇಳಿಸಿತು.

"ಮಗು ನಿನ್ನ ಮಡಿಲಲ್ಲಿರುತ್ತೆ, ಮಾತು ಕೊಡ್ತೀನಿ."

ಗುರುವಾರದವಳು ಮಗಳನ್ನು ನೋಡುತ್ತ ಹೇಳಿದ್ದಳು. ಆದರೆ ದನಿ ಅಡುಗೆಯವಳದಾಗಿತ್ತು. 'ಮಡಿಲಲ್ಲಿ' ಎನ್ನುವಾಗ ತಾನು ಉಸಿರು ಎಳೆದುಕೊಳ್ಳುವ ರೀತಿ, ಕೊನೆಯಲ್ಲಿ ಒಲೆಯ ನೆನಪಾಗಿ ಅವಸರ ಮಾಡುವುದು, ಎಲ್ಲವೂ. ಹಿಂದಿನ ಟೇಬಲ್ಲಿನವರಿಗೆ ಅಡುಗೆಯಮ್ಮನೇ ಹೇಳಿದಳೆನ್ನಿಸಿರಬೇಕು, ಚಪ್ಪಾಳೆ ಬಿತ್ತು. ಯಜಮಾನರು ಗೋಡೆಯ ಕಡೆ ತಿರುಗಿದಾಗ ಮಗಳು, "ಗೋಡೆಗೆ ಯಾಕೆ ಇನ್ನೊಂದು ತೂತು ಮಾಡ್ತೀರಿ? ಇಲ್ಲೇ ಒಂದು ಖಾಲಿ ಇದೆಯಲ್ಲ, ಇದಕ್ಕೇ ಹಾಕಿ" ಎಂದು ತಲೆಯ ಮೇಲಿನ ಮೊಳೆಯನ್ನು ಬೆರಳಿನಿಂದ ತಟ್ಟಿದಳು. ಒಂದು ಕ್ಷಣ ಯಜಮಾನರ ಕೈ ಹಾಗೇ ನಿಂತಿತು. ಆಮೇಲೆ ಅವರು ಬೇರೇನೂ ತೋಚದವರಂತೆ ನಕ್ಕು, ಕಚ್ಚಿಕೊಂಡಿದ್ದ ಮೊಳೆಯನ್ನು ಜೇಬಿಗೆ ಹಾಕಿಕೊಂಡರು. ಗುರುವಾರದವಳು ಮೊಳೆಯನ್ನು ನೋಡಿದಳು, ಮಗಳ ಹೊಟ್ಟೆಯನ್ನು ನೋಡಿದಳು, ಲೆಕ್ಕ ಸರಿಹೋಯಿತೆಂಬಂತೆ ತಲೆಯಾಡಿಸಿ, ಕೈಯನ್ನು ಪೂರಾ ಚಾಚಿ ಉಣ್ಣತೊಡಗಿದಳು.

ಮಾರನೆಯ ದಿನ ಬೆಳಿಗ್ಗೆ ಮಗಳಿಗೆ ನೋವು ಬಂತು. ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ ಅಳಿಯ ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ಪೊಟ್ಟಣ ಹಿಡಿದು ನಿಂತಿದ್ದ. ನೋವು ಬಂದಮೇಲೂ ಇದನ್ನು ತಿನ್ನಿಸಬಹುದಾ ಎಂದು ನರ್ಸನ್ನು ಕೇಳಿ ಬೈಸಿಕೊಂಡಿದ್ದ. ಅವಳು ಬಾಗಿಲಿನ ಪಕ್ಕದ ಬೆಂಚಿನಲ್ಲಿ ಕೂತಳು. ತನ್ನ ಕಪ್ಪು ಹೆಬ್ಬೆರಳುಗಳನ್ನು ನೋಡಿಕೊಂಡಳು. ಒಳಗಿನಿಂದ ಮಗಳ ಕೂಗು ಬಂದಾಗಲೆಲ್ಲ ಆ ದನಿಯೂ ಕೇಳಿಸುತ್ತಿತ್ತು, ತನ್ನದೇ ದನಿ, ತನ್ನ ಬಾಯಿಂದ ಬಾರದ್ದು. ಮಾತು ಕೊಟ್ಟವಳು ಯಾರು ಹಾಗಾದರೆ? ಕೊಟ್ಟವಳು ಗುರುವಾರದವಳಾದರೆ ಉಳಿಸಬೇಕಾದವಳೂ ಅವಳೇ. ತನ್ನ ಮೇಲೆ ಇರುವುದು ಆ ಹಳೆಯ ಮಾತೊಂದೇ, ಅವಳಿಗೆ ಕೊಟ್ಟದ್ದು. ಹೀಗೆ ಹುಚ್ಚುಹುಚ್ಚಾಗಿ ಹೋಗುತ್ತಿದ್ದ ಯೋಚನೆಯನ್ನು ನಿಲ್ಲಿಸಲು ಓಣಿಯ ಗೋಡೆಯನ್ನು ನೋಡಿದಳು. ಗೋಡೆ ಖಾಲಿಯಾಗಿತ್ತು. ಸುಣ್ಣದ ನಡುವೆ ಎಲ್ಲೋ ಒಂದು ಮೊಳೆ ಇದ್ದೇ ಇರುತ್ತದೆ ಎಂದು ಕಣ್ಣು ಹುಡುಕತೊಡಗಿತು. ಅಷ್ಟರಲ್ಲಿ ಒಳಗೆ ಮಗಳ ಕೂಗು ಥಟ್ಟನೆ ನಿಂತಿತು. ಬೂಟುಗಳ ಓಡಾಟ ನಿಂತಿತು. ಡಾಕ್ಟರು ಏನೋ ಸಣ್ಣದಾಗಿ ಹೇಳಿದರು. ಅಳು ಬರಬೇಕಾಗಿತ್ತು, ಬರಲಿಲ್ಲ. ಅಳಿಯ ಬಾಯಿ ಬಿಟ್ಟುಕೊಂಡು ಅವಳ ಮುಖ ನೋಡಿದ. ಆ ಮೌನ ಅವಳಿಗೆ ಪರಿಚಯದ್ದಾಗಿತ್ತು; ಅಡುಗೆಮನೆಯ ಬಾಗಿಲಲ್ಲಿ ರೇಡಿಯೋ ಬಂದು ನಿಂತ ಮೌನ ಅದು. ಕೊಡ್ತೀನಿ, ಎಂದಿತು ಅವಳೊಳಗೆ ಏನೋ. ಯಾರಿಗೆ, ಏನನ್ನು ಎಂದು ತನ್ನನ್ನು ತಾನು ಕೇಳಿಕೊಳ್ಳುವಷ್ಟರಲ್ಲಿ ಬೆಕ್ಕಿನ ಮರಿಯ ಕೂಗಿನಂಥ ಒಂದು ಕ್ಷೀಣ ಸದ್ದು, ಅದರ ಹಿಂದೆಯೇ ಸಿಟ್ಟಿನ ದೊಡ್ಡ ಅಳು ಬಂತು. ಹೆಣ್ಣು, ಎಂದಳು ನರ್ಸು ಬಾಗಿಲು ತೆರೆದು. ಅಳಿಯನ ಕೈಯಿಂದ ಖರ್ಜೂರದ ಪೊಟ್ಟಣ ಬಿದ್ದು ಓಣಿಯೆಲ್ಲ ಚೆಲ್ಲಿತು. ನರ್ಸು ಮಗುವನ್ನು ತಂದು ಕೈಗೆ ಕೊಡಲು ಬಂದಾಗ ಅವಳು ಎತ್ತಿಕೊಳ್ಳಲಿಲ್ಲ. "ಕೈ ಕೊಳೆಯಾಗಿದೆ" ಎಂದಳು. "ತೊಳೆದ್ರಲ್ಲಮ್ಮ ಈಗ್ತಾನೇ?" ಎಂದಳು ನರ್ಸು.

ರಜೆ ಮುಗಿಸಿ ಹೋಟೆಲಿಗೆ ಹೋದ ದಿನ ಈರುಳ್ಳಿ ಸುಲಿಯುತ್ತ ಕೂತ ರೇಡಿಯೋ ಎಲ್ಲ ವರದಿ ಒಪ್ಪಿಸಿದ. ಬದಲಿಗೆ ಬಂದವಳು ಉಪ್ಪು ಸುರಿದದ್ದು, ಯಜಮಾನರು ಕೂಗಾಡಿದ್ದು. ಆಮೇಲೆ ದನಿ ತಗ್ಗಿಸಿ, "ಗುರುವಾರದವಳು ಬಂದಿದ್ಲು. ಊಟ ಬೇಡ ಅಂದ್ಲು. ಆಯ್ತಾ ಅಂತ ಕೇಳಿದ್ಲು. ಆಯ್ತು, ಹೆಣ್ಣು ಮಗು ಅಂದೆ. ಹಾಗಾದ್ರೆ ಕಾಯ್ತೀನಿ ಅಂದ್ಲು. ಏನು ಕಾಯೋದು ಅಂತ ನಾನು ಕೇಳೋಕೆ ಹೋಗಲಿಲ್ಲಪ್ಪ" ಎಂದ. ಅಲ್ಲಿಂದ ಮುಂದೆ ಪ್ರತಿ ಗುರುವಾರ ಅವಳು ಬರುತ್ತಿದ್ದಳು, ಬರೀ ನೀರು ಕುಡಿದು ಕೂತು ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ನಿಂತವಳಿಗೆ ಕಿಂಡಿಯ ಕಡೆ ಬೆನ್ನು ಹಾಕಿದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಇತ್ತ ಯಜಮಾನರು ಫೋಟೋ ಎಲ್ಲಿ, ಮಗು ಎಲ್ಲಿ ಎಂದು ದಿನಾ ಕೇಳುತ್ತಿದ್ದರು. ಮನೆಯಲ್ಲಿ ಮಗಳು ಹೊರಡಲು ತುದಿಗಾಲಲ್ಲಿದ್ದಳು. ಇವಳು ಧೂಳು ಎಂದಳು, ಶೀತ ಎಂದಳು, ಮಗುವಿಗೆ ಇನ್ನೂ ಕತ್ತು ನಿಂತಿಲ್ಲ ಎಂದಳು. "ನಿನಗೆ ಮೊಮ್ಮಗಳನ್ನ ತೋರಿಸೋಕೆ ನಾಚಿಕೆನಾ? ಎತ್ತಿಕೊಳ್ಳೋದೂ ಇಲ್ಲ ಸರಿಯಾಗಿ" ಎಂದು ಮಗಳು ಒಂದು ದಿನ ಅತ್ತೇಬಿಟ್ಟಳು. ಅದು ಸುಳ್ಳಾಗಿರಲಿಲ್ಲ. ಸ್ನಾನ ಮಾಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ತೊಟ್ಟಿಲು ತೂಗುತ್ತಿದ್ದಳು. ಮಡಿಲಲ್ಲಿ ಮಾತ್ರ ಹಾಕಿಕೊಳ್ಳುತ್ತಿರಲಿಲ್ಲ. ಬೇರೆಯವರ ವಸ್ತುವನ್ನು ಜೋಪಾನ ಮಾಡಿ ಇಟ್ಟಿರುತ್ತೇವೆ, ಬಳಸುವುದಿಲ್ಲ, ಹಾಗೆ.

ಅಳಿಯನ ವಾರದ ರಜೆ ಗುರುವಾರಕ್ಕೆ ಬದಲಾಯಿತು. ಅವನು ಅದನ್ನು ಸಂತೋಷದ ಸುದ್ದಿಯಂತೆ ಹೇಳಿದ.

ಅವರು ಬಂದಾಗ ಮಧ್ಯಾಹ್ನದ ಊಟ ಮುಗಿಯುತ್ತ ಬಂದಿತ್ತು. ಕಿಂಡಿಯಿಂದ ಅವಳಿಗೆ ಎಲ್ಲ ಕಾಣಿಸಿತು: ಅಳಿಯ ಕಂಕುಳಲ್ಲಿ ಕಟ್ಟು ಹಾಕಿಸಿದ ಫೋಟೋ ಹಿಡಿದದ್ದು, ಮಗಳು ಮಗುವಿನ ಟೊಪ್ಪಿಗೆ ಸರಿಮಾಡಿದ್ದು, ಯಜಮಾನರು ಗಲ್ಲಾ ಬಿಟ್ಟು ಓಡಿ ಬಂದದ್ದು. ಗುರುವಾರದವಳ ಮೇಜಿನ ಮೇಲೆ ನೀರಿನ ಲೋಟವೂ ಇರಲಿಲ್ಲ. ಅವಳು ಆಗಲೇ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು ಕೂತಿದ್ದಳು; ಒದ್ದೆ ಕೈಗಳನ್ನು ಆರಲೆಂದು ಮೇಜಿನ ಮೇಲೆ ಅಂಗಾತ ಇಟ್ಟಿದ್ದಳು. ಮೈಮೇಲೆ ಬಿಳಿ ಹೂವಿನ ನೀಲಿ ಅಂಗಿಯಿತ್ತು. ಹೂವೆಲ್ಲ ಮಾಸಿ ನೀಲಿಯಲ್ಲಿ ಸೇರಿಹೋಗಿದ್ದರೂ ಸೊಂಟಕ್ಕೆ ಸೇರಿಸಿದ ಬಟ್ಟೆ ಹಾಗೇ ಇತ್ತು.

ಯಜಮಾನರು ಫೋಟೋ ಎತ್ತಿ ಮೊಳೆಯತ್ತ ಹೋದಾಗ ಗುರುವಾರದವಳು, "ಅದು ನನ್ನದು" ಎಂದಳು. ಜಗಳದ ದನಿಯಲ್ಲ. ಬಸ್ಸಿನಲ್ಲಿ ಕರವಸ್ತ್ರ ಹಾಕಿಟ್ಟ ಸೀಟಿನ ಬಗ್ಗೆ ಹೇಳಿದ ಹಾಗೆ.

"ಸರಿ ಅಮ್ಮಾ, ಸರಿ. ಗೋಡೆ ಇಷ್ಟು ದೊಡ್ಡದಿದೆ, ಬೇರೆ ಕಡೆ ಹಾಕಿದ್ರಾಯ್ತು" ಎಂದರು ಯಜಮಾನರು. ಫೋಟೋ ಅವರ ಕೈಯಲ್ಲೇ ಉಳಿಯಿತು. ಮಗಳು ಒಬ್ಬೊಬ್ಬರ ಮುಖವನ್ನೂ ನೋಡಿ, "ಏನಾಯ್ತು? ಅಮ್ಮಾ?" ಎಂದಳು.

ಅವಳು ಒಲೆ ಆರಿಸಿದಳು. ಏಪ್ರನ್ನು ಬಿಚ್ಚಿ ಒಗೆದದ್ದನ್ನು ಕಟ್ಟಿಕೊಂಡಳು. ಈ ಸಲ ಯಾರೂ ಹೇಳಿರಲಿಲ್ಲ. ಗೋಡೆಯ ಮಕ್ಕಳ ಮುಂದೆ ನಡೆದು ಬಂದಳು. ಮಗಳ ಮುಂದೆ ನಿಂತು ಕೈ ಚಾಚಿ, "ಕೊಡು" ಎಂದಳು.

"ಅಬ್ಬಾ, ಇವತ್ತಾದ್ರೂ ಮನಸ್ಸು ಬಂತಲ್ಲ" ಎಂದು ಮಗಳು ನಗುತ್ತ ಮಗುವನ್ನು ಕೊಟ್ಟಳು. ಮಗು ಬಿಸಿಯಾಗಿತ್ತು, ಎಣಿಸಿದ್ದಕ್ಕಿಂತ ಭಾರವಾಗಿತ್ತು. ಎದೆಗೆ ಒತ್ತಿಕೊಳ್ಳಬೇಕೆಂದು ಕೈ ಒಮ್ಮೆ ಬಯಸಿತು. ಒತ್ತಿಕೊಳ್ಳದೆ ಅವಳು ಎರಡು ಹೆಜ್ಜೆ ನಡೆದು, ಬಗ್ಗಿ, ಮೇಜಿಗೂ ಗುರುವಾರದವಳಿಗೂ ನಡುವೆ ಇಷ್ಟು ವರ್ಷ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಗುವನ್ನಿಟ್ಟಳು. ಜಾಗ ಸರಿಯಾಗಿತ್ತು. ಆರಿದ ಕೈಗಳು ಮೇಜಿನಿಂದ ಬಂದು ಮಗುವಿನ ಸುತ್ತ ಮುಚ್ಚಿಕೊಂಡವು. ಮಗು ಬಾಯಿ ಚಪ್ಪರಿಸಿ, ಮುಷ್ಟಿ ಬಿಗಿದು, ನಿದ್ದೆಯಲ್ಲೇ ಉಳಿಯಿತು, ಗೋಡೆಯ ಮೇಲಿನವುಗಳ ಹಾಗೆಯೇ.

ಗುರುವಾರದವಳು ತಲೆ ಎತ್ತದೆ ಕೇಳಿದಳು, "ಎಷ್ಟು ಹೊತ್ತು?"

ಎಷ್ಟು ಹೊತ್ತೆಂದು ಅಡುಗೆಯವಳು ಅವತ್ತು ಮಾತು ಕೊಡುವಾಗ ಹೇಳಿರಲಿಲ್ಲ. ನೆನಪು ಮಾಡಿಕೊಂಡು ನೋಡಿದಳು, ಹೇಳಿರಲೇ ಇಲ್ಲ. ಹಿಂದಿನ ಟೇಬಲ್ಲಿನಲ್ಲಿ ಯಾರೋ, ಅಡುಗೆಯಮ್ಮ ಹೊರಗೆ ಬಂದು ಒಬ್ಬಳ ಭುಜದ ಮೇಲೆ ಕೈಯಿಟ್ಟು ನಿಂತದ್ದನ್ನು ಕಂಡು, ರೂಢಿಯಂತೆ ಚಪ್ಪಾಳೆ ತಟ್ಟತೊಡಗಿದರು. ಇನ್ನಿಬ್ಬರು ಸೇರಿಕೊಂಡರು. ಆ ಸದ್ದಿನಲ್ಲಿ ಮಗಳು "ಅಮ್ಮಾ, ಸಾಕು, ಹಾಲು ಕುಡಿಸೋ ಹೊತ್ತಾಯ್ತು, ತಗೊಂಡು ಬಾ" ಎನ್ನುತ್ತಿದ್ದಳು, ಮತ್ತೆ ಹೇಳಿದಳು, ಮೂರನೆಯ ಸಲ ಹೇಳುವಾಗ ಅವಳ ದನಿ ಬೇರೆಯಾಗಿತ್ತು.

ಮಗು ಗುರುವಾರದವಳ ಮಡಿಲಲ್ಲಿತ್ತು. ಅಡುಗೆಯವಳು ಕೊಟ್ಟ ಮಾತು ನಡೆಸಿಕೊಟ್ಟಿದ್ದಳು.